ವೀಳ್ಯದೆಲೆ ತರಕಾರಿಯೇ? ನ್ಯಾಯಾಧೀಶರು ಕಾನೂನನ್ನು ಓದುವ ಬಗೆ

ಉಡುಪಿಯಲ್ಲಿ ಕಾನೂನು ವಿದ್ಯಾರ್ಥಿಗಳೂ ಊರವರೂ ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.

ಇಲ್ಲಿಗೆ ಹೊರಡುವಾಗ ಹೆಂಡತಿ ಒಂದು ಚೀಟಿ ಕೊಟ್ಟಳು, ಬರುವಾಗ ತನ್ನಿ ಅಂತ. ಜೇಬಿನಲ್ಲೇ ಉಂಟು, ಓದಿಬಿಡುತ್ತೇನೆ. ‘ತರಕಾರಿ: ಅಲಸಂಡೆ, ಬೆಂಡೆ, ಮಟ್ಟುಗುಳ್ಳ ಸಿಕ್ಕಿದರೆ ಅರ್ಧ ಕೆಜಿ. ತೆಂಗಿನಕಾಯಿ ಎರಡು. ಅಡಿಕೆ, ಸುಣ್ಣ, ಎಲೆ.’ ಇಷ್ಟೇ.

ಆ ಕೊನೆಯ ಪದ ನೋಡಿ. ಎಲೆ. ಯಾವ ಎಲೆ ಅಂತ ಅವಳು ಬರೆದಿಲ್ಲ. ನಮ್ಮೂರಲ್ಲಿ ಎಲೆಗೇನು ಬರವೇ? ಪತ್ರೊಡೆಗೆ ಕೆಸುವಿನ ಎಲೆ, ಕಡುಬಿಗೆ ಹಲಸಿನ ಎಲೆ, ಗಟ್ಟಿಗೆ ಅರಿಶಿನದ ಎಲೆ, ಊಟಕ್ಕೆ ಬಾಳೆ ಎಲೆ. ಆದರೂ ನಾನು ಮನೆಗೆ ಬಾಳೆ ಎಲೆ ಒಯ್ದರೆ ಬಾಗಿಲಲ್ಲೇ ವಿಚಾರಣೆ ಆಗುತ್ತದೆ. ಯಾಕೆಂದರೆ ಆ ಪದದ ಪಕ್ಕದಲ್ಲಿ ಅಡಿಕೆ ಇದೆ, ಸುಣ್ಣ ಇದೆ. ಅವೆರಡರ ಜೊತೆ ಕೂತ ಎಲೆ ವೀಳ್ಯದೆಲೆಯೇ. ಇದೇ ಪದ ‘ಚೌತಿಗೆ ಇಪ್ಪತ್ತು ಜನ ಊಟಕ್ಕೆ’ ಅನ್ನುವ ಸಾಲಿನ ಕೆಳಗೆ ಇದ್ದಿದ್ದರೆ ನಾನು ಬಾಳೆ ಎಲೆಯನ್ನೇ ಒಯ್ಯುತ್ತಿದ್ದೆ. ಇದಕ್ಕೆ ಲ್ಯಾಟಿನ್‌ನಲ್ಲಿ ದೊಡ್ಡ ಹೆಸರು ಉಂಟು. ಪರೀಕ್ಷೆ ಬರೆಯುವವರು ಬಾಯಿಪಾಠ ಮಾಡಿಕೊಳ್ಳಿ. ಉಳಿದವರಿಗೆ ಪದದ ಗುರುತು ಅದರ ನೆರೆಹೊರೆಯಿಂದ ಅಂತ ಗೊತ್ತಿದ್ದರೆ ಸಾಕು.

ನ್ಯಾಯಾಧೀಶರ ಮುಂದೆ ಇರುವುದೂ ಇಂಥದೇ ಚೀಟಿ. ವ್ಯತ್ಯಾಸ ಒಂದೇ. ನನಗೆ ಅನುಮಾನ ಬಂದರೆ ಹೆಂಡತಿಗೆ ಫೋನ್ ಮಾಡಬಹುದು. ಅವರು ಯಾರಿಗೆ ಮಾಡಬೇಕು? ಚೀಟಿ ಬರೆದದ್ದು ಒಂದು ಸಭೆ. ಇನ್ನೂರೋ ಐನೂರೋ ಜನ ಕೈ ಎತ್ತಿ ಪಾಸು ಮಾಡಿದ್ದು. ಅವರಲ್ಲಿ ಎಷ್ಟು ಮಂದಿ ಓದಿದ್ದರೋ ದೇವರಿಗೇ ಗೊತ್ತು. ಬರೆದು ಐವತ್ತು ವರ್ಷ ಆಗಿರುತ್ತದೆ. ಅಂಗಡಿಯವನು ಬಾಗಿಲು ಹಾಕುವ ಮೊದಲು ಸಾಮಾನು ತರಲೇಬೇಕು. ಕೇಸು ಕೂಡ ಹಾಗೆಯೇ, ಅರ್ಥ ಆಗಲಿಲ್ಲ ಅಂತ ವಾಪಸು ಕಳಿಸುವ ಹಾಗಿಲ್ಲ.

ವೀಳ್ಯದೆಲೆಯನ್ನು ಸುಮ್ನೆ ಎತ್ತಿದ್ದಲ್ಲ. ಅದು ಸುಪ್ರೀಂ ಕೋರ್ಟಿನ ತನಕ ಹೋಗಿ ಬಂದಿದೆ. ಅಕೋಲಾದಲ್ಲಿ ಒಬ್ಬ ವೀಳ್ಯದೆಲೆ ವ್ಯಾಪಾರಿ. ಅಲ್ಲಿನ 1947ರ ಮಾರಾಟ ತೆರಿಗೆ ಕಾಯಿದೆಯಲ್ಲಿ ತರಕಾರಿಗೆ ತೆರಿಗೆ ಇರಲಿಲ್ಲ. ಎಲೆ ಗಿಡದಿಂದ ಬರುತ್ತದೆ, ಹಸಿರಾಗಿದೆ, ಬಾಯಿಗೆ ಹಾಕುತ್ತೇವೆ, ಹಾಗಾಗಿ ಇದು ತರಕಾರಿಯೇ ಅಂತ ಅವನ ವಾದ. ನಿಘಂಟು ತೆರೆದರೆ ವಾದ ತಪ್ಪಲ್ಲ. 1961ರಲ್ಲಿ ಕೋರ್ಟು ಒಪ್ಪಲಿಲ್ಲ. ಸಸ್ಯಶಾಸ್ತ್ರದವರು ಏನು ಹೇಳುತ್ತಾರೆ ಅನ್ನುವುದು ಇಲ್ಲಿ ಬೇಡ, ದಿನಾ ಕೊಳ್ಳುವವರೂ ಮಾರುವವರೂ ಯಾವುದನ್ನು ತರಕಾರಿ ಅನ್ನುತ್ತಾರೋ ಅದೇ ತರಕಾರಿ ಅಂದಿತು. ಇನ್ನೊಂದು ಸಂಗತಿಯೂ ಇತ್ತು. ಮೊದಲು ಆ ವಿನಾಯಿತಿ ಪಟ್ಟಿಯಲ್ಲಿ ‘ತರಕಾರಿ’ ಒಂದು ಸಾಲು, ‘ವೀಳ್ಯದೆಲೆ’ ಬೇರೆಯೇ ಸಾಲು. ಆಮೇಲೆ ತಿದ್ದುಪಡಿ ಮಾಡಿ ವೀಳ್ಯದೆಲೆಯ ಸಾಲನ್ನು ತೆಗೆದುಹಾಕಿದ್ದರು. ಎಲೆ ಮೊದಲೇ ತರಕಾರಿಯೊಳಗೆ ಇದ್ದಿದ್ದರೆ ಅದಕ್ಕೆ ಬೇರೆ ಸಾಲು ಯಾಕೆ ಬೇಕಿತ್ತು? ಬರೆದವರು ಹೊಡೆದುಹಾಕಿದ ಸಾಲು ಕೂಡ ಮಾತಾಡುತ್ತದೆ.

ಆ ತೀರ್ಪಿನಲ್ಲಿ ಕೆನಡಾದ ಒಂದು ಕೇಸನ್ನು ನೆನೆದಿದ್ದಾರೆ. 1951ರದ್ದು. ಅಲ್ಲಿ ಜಗಳ ಉಪ್ಪು ಹಾಕಿದ ಶೇಂಗಾ ಮತ್ತು ಗೋಡಂಬಿಯದ್ದು, ಅವು ಹಣ್ಣೋ ತರಕಾರಿಯೋ ಅಂತ. ರಾತ್ರಿ ಊಟಕ್ಕೆ ಹಣ್ಣು ತರಕಾರಿ ತನ್ನಿ ಅಂತ ಮನೆಯಲ್ಲಿ ಹೇಳಿ ಕಳಿಸಿದರೆ ಯಾರಾದರೂ ಗೋಡಂಬಿ ಹಿಡಿದುಕೊಂಡು ಬರುತ್ತಾರಾ ಅಂತ ಅಲ್ಲಿನ ನ್ಯಾಯಾಧೀಶರು ಕೇಳಿದರು. ಗೇರುಬೀಜದ ಕಾರ್ಖಾನೆಗಳ ಊರಾದ ಮಂಗಳೂರಿನವರು ಈ ಪ್ರಶ್ನೆಗೆ ಅವರಿಗಿಂತ ಮೊದಲೇ ಉತ್ತರ ಕೊಡುತ್ತಿದ್ದರು ಅನ್ನಿ.

ಆಮೇಲೆ ಇಂಥ ಕೇಸುಗಳ ಸಂತೆಯೇ ನೆರೆಯಿತು. ಕಬ್ಬು ಹಸಿ ತರಕಾರಿ ಅಲ್ಲ, 1962. ಹಸಿ ಶುಂಠಿ ತರಕಾರಿ ಹೌದು, 1977. ನಮಗೆ ಹತ್ತಿರದ್ದು 1985ರ ತೆಂಗಿನಕಾಯಿ. ತಮಿಳುನಾಡಿನ ತೆರಿಗೆ ಕಾಯಿದೆಯ ಕೇಸು. ಬಲಿತ ತೆಂಗಿನಕಾಯಿ ತಾಜಾ ಹಣ್ಣೂ ಅಲ್ಲ, ತರಕಾರಿಯೂ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮತ್ತೆಂತದು ಅಂತ ಕೇಳಬೇಡಿ. ತೆಂಗಿನಕಾಯಿ ತೆಂಗಿನಕಾಯಿಯೇ. ನನ್ನ ಹೆಂಡತಿಯ ಚೀಟಿಯಲ್ಲೂ ಅದಕ್ಕೆ ಬೇರೆಯೇ ಸಾಲು ಇದೆ, ಗಮನಿಸಿದಿರಾ?

ಇಷ್ಟು ಕೇಳಿದ ಮೇಲೆ, ಪೇಟೆಯ ಮಾತನ್ನು ಹಿಡಿದರೆ ಮುಗಿಯಿತು ಅಂತ ನಿಮಗೆ ಅನ್ನಿಸಬಹುದು. ಅಷ್ಟು ಸಲೀಸಲ್ಲ. ಕೆಲವು ಸಲ ಕಾನೂನು ತಾನೇ ಪದಕ್ಕೆ ಅರ್ಥ ಬರೆದಿಟ್ಟಿರುತ್ತದೆ. ಆಗ ಪೇಟೆ ಮಾತು ಬಾಯಿ ಮುಚ್ಚಬೇಕು. ಇದಕ್ಕೆ ನಮ್ಮ ಅಳಿಯಸಂತಾನದ ಕಾಯಿದೆಗಿಂತ ಚಂದದ ಉದಾಹರಣೆ ನನಗೆ ಸಿಕ್ಕಿಲ್ಲ.

ಅಳಿಯಸಂತಾನ ಅಂದರೆ ಹೆಣ್ಣಿನ ದಾರಿಯಲ್ಲಿ ಆಸ್ತಿ ಇಳಿಯುವ ತುಳುನಾಡಿನ ಕಟ್ಟಳೆ. ಅದಕ್ಕೆ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಆಗ ನಾವು ಮದ್ರಾಸಿಗೆ ಸೇರಿದ್ದೆವು ಅಲ್ವಾ. ಅದರಲ್ಲಿ ‘ಕವರು’ ಅನ್ನುವ ಪದ ಬರುತ್ತದೆ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಇಳಿದು ಬಂದ ಸಂತಾನ, ಇವರೆಲ್ಲ ಸೇರಿದರೆ ಅವಳ ಕವರು. ಇಲ್ಲಿವರೆಗೆ ತುಳುನಾಡಿನ ಯಾವ ಅಜ್ಜಿಗೂ ಗೊತ್ತಿದ್ದ ಸಂಗತಿಯೇ. ಆಮೇಲೆ ಕಾಯಿದೆ ಕವರನ್ನು ಎರಡು ಮಾಡುತ್ತದೆ, ಸಂತತಿ ಕವರು ಮತ್ತು ನಿಸ್ಸಂತತಿ ಕವರು. ನಿಸ್ಸಂತತಿ ಅಂದರೆ ಏನು? ಮಕ್ಕಳಿಲ್ಲದವರು ಅಂತ ನೀವೆಲ್ಲ ಅನ್ನುತ್ತೀರಿ. ಕಾಯಿದೆ ಹಾಗೆ ಅನ್ನುವುದಿಲ್ಲ. ಐವತ್ತು ವರ್ಷ ತುಂಬದ ಒಬ್ಬಳಾದರೂ ಹೆಂಗಸು ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ. ಈಗ ಲೆಕ್ಕ ಹಾಕಿ. ಒಬ್ಬ ತಾಯಿ, ಐದು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಅವಳಿಗೆ ಐವತ್ತು ತುಂಬಿದ ದಿನ ಏನಾಯಿತು? ಐದು ಮಕ್ಕಳು ಎದುರಲ್ಲೇ ಕೂತು ಗಂಜಿ ಉಣ್ಣುತ್ತಿದ್ದಾರೆ, ಕಾನೂನಿನ ಕಣ್ಣಿಗೆ ಅವಳದ್ದು ನಿಸ್ಸಂತತಿ ಕವರು!

ಕ್ರೂರ ಅನ್ನಿಸುತ್ತದೆ. ಆದರೆ ಆ ವ್ಯವಸ್ಥೆಯೊಳಗೆ ನಿಂತು ನೋಡಿ. ಆಸ್ತಿ ಇಳಿಯುವುದೇ ಹೆಣ್ಣಿನ ದಾರಿಯಲ್ಲಿ. ಮುಂದೆ ಹೆರುವ ಹೆಣ್ಣಿಲ್ಲದಿದ್ದರೆ ಆ ಕವರು ಮುಂದುವರಿಯುವುದಿಲ್ಲ. ಪದ ಅಳೆಯುತ್ತಿರುವುದು ಅದನ್ನು. ದೆಹಲಿಯವರು 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಮಾಡಿದಾಗ ನಮ್ಮ ಕುಟುಂಬ, ಕವರು ಎರಡೂ ಪದಗಳನ್ನು ಹಾಗೆಯೇ ಅದರ ಏಳನೇ ಸೆಕ್ಷನ್ನಿಗೆ ಸೇರಿಸಿದರು. ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯ ನಡುವೆ ನಮ್ಮ ಅಜ್ಜಿಯರ ಎರಡು ಮಾತು ಕೂತಿವೆ. ನನಗೆ ಅದನ್ನು ಓದುವಾಗಲೆಲ್ಲ ಸ್ವಲ್ಪ ಹೆಮ್ಮೆ ಆಗುತ್ತದೆ, ಯಾಕೆಂದು ಕೇಳಬೇಡಿ.

ವ್ಯಾಖ್ಯೆಯಲ್ಲೂ ಎರಡು ಜಾತಿ. ‘ಇಂಥದು ಎಂದರೆ ಇಂಥದು’ ಅಂತ ಬರೆದರೆ ಬಾಗಿಲು ಹಾಕಿದ ಹಾಗೆ, ಹೊರಗಿನದು ಒಳಗೆ ಬರುವುದಿಲ್ಲ. ‘ಇಂಥವೂ ಸೇರಿವೆ’ ಅಂತ ಬರೆದರೆ ಬಾಗಿಲು ಅರ್ಧ ತೆರೆದಿದೆ. ಕರ್ನಾಟಕ ಭೂ ಸುಧಾರಣೆ ಕಾಯಿದೆ ಜಮೀನು ಅನ್ನುವ ಪದಕ್ಕೆ ಎರಡನ್ನೂ ಬಳಸಿದೆ. ಬೇಸಾಯಕ್ಕೆ ಬಳಸುವ ಅಥವಾ ಬಳಸಲು ಆಗುವ ಜಮೀನು, ಬೇಸಾಯಕ್ಕೆ ಪೂರಕವಾದ ಕೆಲಸಕ್ಕೆ ಬೇಕಾದ ಜಮೀನು, ತೋಟ, ಹುಲ್ಲುಗಾವಲು, ತೋಪು ಎಲ್ಲ ಒಳಗೆ. ಮನೆ ನಿವೇಶನ ಹೊರಗೆ.

ನಾನು ಜೂನಿಯರ್ ಆಗಿದ್ದ ಕಾಲ. 1974ರ ತಿದ್ದುಪಡಿಯ ನಂತರದ ಗದ್ದಲ ಇನ್ನೂ ತಣ್ಣಗಾಗಿರಲಿಲ್ಲ. ಆ ವರ್ಷ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರಕಾರಕ್ಕೆ ಸೇರಿ, ಗೇಣಿದಾರರು ಅದು ತಮ್ಮ ಹೆಸರಿಗೆ ಆಗಲಿ ಅಂತ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಅಂತಲೇ ಹೆಸರು. ಒಬ್ಬ ಮುದುಕ ಸೀನಿಯರ್ ಆಫೀಸಿಗೆ ಬಂದ. ಪ್ಲಾಸ್ಟಿಕ್ ಚೀಲದಲ್ಲಿ ಕಾಗದ, ಚೀಲಕ್ಕೆ ಬಾಳೆನಾರಿನ ಕಟ್ಟು. ಆ ಅರ್ಜಿಗಳನ್ನು ತೀರ್ಮಾನಿಸುವ ಟ್ರಿಬ್ಯೂನಲ್‌ನವರು ಗದ್ದೆ ಕೊಟ್ಟಿದ್ದರು, ಗದ್ದೆಯ ಮೇಲಿನ ಹಾಡಿ, ಅಂದರೆ ಕುರುಚಲು ಕಾಡು, ಕೊಟ್ಟಿರಲಿಲ್ಲ. ಅಲ್ಲಿ ಬೆಳೆ ಇಲ್ಲ, ಬರೀ ಪೊದೆ, ಅದು ಬೇಸಾಯದ ಜಮೀನಲ್ಲ ಅಂತ ಕಾರಣ. ಮುದುಕ ಸೀನಿಯರಿಗೆ ಹೇಳಿದ, ‘ಸ್ವಾಮಿ, ಸೊಪ್ಪು ಇಲ್ಲದೆ ಗದ್ದೆ ಎಂತಕ್ಕೆ? ಹಾಡಿಯ ಸೊಪ್ಪು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ. ಹಾಡಿ ತೆಗೆದರೆ ಗದ್ದೆಯ ಹೊಟ್ಟೆಗೆ ಹೊಡೆದ ಹಾಗೆ.’

ಸೀನಿಯರ್ ನನ್ನ ಕಡೆ ತಿರುಗಿ, ‘ಬರಕೊಂಡಿಯಾ?’ ಅಂದರು. ನಾನು ಬರೆದುಕೊಂಡಿರಲಿಲ್ಲ. ಇದೆಂತ ಬರೆಯುವುದು ಅಂದುಕೊಂಡಿದ್ದೆ. ಅವರು ಕಾಯಿದೆ ಪುಸ್ತಕ ತೆಗೆದು ‘ಪೂರಕವಾದ’ ಅನ್ನುವ ಪದದ ಮೇಲೆ ಬೆರಳಿಟ್ಟರು. ಹೈಕೋರ್ಟಿಗೆ ಹಾಕಿದ ರಿಟ್ ಅರ್ಜಿಯ ಅರ್ಧ ಆ ಮುದುಕನ ಮೂರು ವಾಕ್ಯವೇ ಆಗಿತ್ತು, ನಾವು ಅದಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದು ಅಷ್ಟೇ. ಆದೇಶ ರದ್ದಾಗಿ ಮರುವಿಚಾರಣೆಗೆ ಬಂತು. ಸೊಪ್ಪು, ಹಟ್ಟಿ, ಗದ್ದೆ ಯಾವುದು ಎಂದು ತಿಳಿಯದವರಿಗೆ ಆ ಪದ ಎಷ್ಟು ಓದಿದರೂ ಅರ್ಥ ಆಗುವುದಿಲ್ಲ. ವಿದ್ಯಾರ್ಥಿಗಳಿಗೆ ನಾನು ಪದೇ ಪದೇ ಹೇಳುವುದು ಇದು, ಕಕ್ಷಿದಾರ ಮಾತಾಡುವಾಗ ಪೆನ್ನು ಕೈಯಲ್ಲಿರಲಿ.

ಪದವನ್ನು ಇದ್ದ ಹಾಗೆ ಓದಿದರೆ ಎಡವಟ್ಟಾಗುವ ಸಂದರ್ಭ ಈಗ. 1868ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಸತ್ತವನ ಹೆಸರಲ್ಲಿ ಓಟು ಹಾಕಿ ಸಿಕ್ಕಿಬಿದ್ದ. ‘ಮತದಾನದ ಹಕ್ಕುಳ್ಳ ವ್ಯಕ್ತಿ’ಯಂತೆ ನಟಿಸುವುದು ಅಪರಾಧ ಅಂತ ಕಾನೂನು. ಸತ್ತವನಿಗೆ ಮತದಾನದ ಹಕ್ಕು ಎಲ್ಲಿಂದ? ಬಿಡುಗಡೆ. ನಗಬೇಡಿ. ಕ್ರಿಮಿನಲ್ ಕಾನೂನಿನಲ್ಲಿ ಹೀಗೆ ಬಿಗಿಯಾಗಿ ಓದುವುದಕ್ಕೆ ಕಾರಣ ಉಂಟು. ಒಬ್ಬನನ್ನು ಜೈಲಿಗೆ ಕಳಿಸುವಾಗ ಪದವನ್ನು ಎಳೆದು ಹಿಗ್ಗಿಸಬಾರದು. ಆದರೂ ಆ ತೀರ್ಪು ನನಗೆ ಇವತ್ತಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮ ದೇಶದ್ದು ಇನ್ನೊಂದು, ಇದು ಇಳಿಯುತ್ತದೆ. ಎರ್ನಾಕುಲಂನಲ್ಲಿ ಒಬ್ಬರು 1958ರಲ್ಲಿ 16,500 ರೂಪಾಯಿಗೆ ಒಂದು ಮನೆ ಕೊಂಡರು. 1965ರಲ್ಲಿ ಅದನ್ನು ಸೊಸೆಗೂ ಐದು ಮಕ್ಕಳಿಗೂ ಅದೇ 16,500ಕ್ಕೆ ಬರೆದುಕೊಟ್ಟರು. ಒಂದು ಪೈಸೆ ಲಾಭ ಇಲ್ಲ. ಆದಾಯ ತೆರಿಗೆಯವರು ಮಾರುಕಟ್ಟೆ ಬೆಲೆ 65,000, ಹಾಗಾಗಿ 48,500 ಲಾಭ, ಅದಕ್ಕೆ ತೆರಿಗೆ ಕಟ್ಟಿ ಅಂದರು. ಸೆಕ್ಷನ್ 52ರ ಎರಡನೇ ಉಪವಿಧಿ ಇದ್ದದ್ದು ಇದ್ದ ಹಾಗೆ ಓದಿದರೆ ಅಧಿಕಾರಿ ಹೇಳಿದ್ದೇ ಸರಿ. ಹೇಳಿದ ಬೆಲೆಗಿಂತ ಮಾರುಕಟ್ಟೆ ಬೆಲೆ ಶೇಕಡಾ 15ರಷ್ಟೋ ಅದಕ್ಕಿಂತ ಹೆಚ್ಚೋ ಇದ್ದರೆ ಮಾರುಕಟ್ಟೆ ಬೆಲೆಯನ್ನೇ ಹಿಡಿಯಬೇಕು ಅಂತ ಅದರಲ್ಲಿತ್ತು.

1981ರಲ್ಲಿ ಸುಪ್ರೀಂ ಕೋರ್ಟ್ ಏನು ಮಾಡಿತು ಗೊತ್ತಾ? ಈ ಉಪವಿಧಿ ಯಾಕೆ ಬಂತು ಅಂತ ಕೇಳಿತು. ಬಿಲ್ಲು ಮಂಡಿಸುವಾಗ ಹಣಕಾಸು ಸಚಿವರು ಆಡಿದ ಭಾಷಣವನ್ನು ತರಿಸಿ ನೋಡಿತು. ಅಂದರೆ ಚೀಟಿ ಬರೆದವರಿಗೆ ಹೆಚ್ಚುಕಡಿಮೆ ಫೋನ್ ಮಾಡಿದ ಹಾಗೆಯೇ. ಕಾಗದದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ಕೈಯಿಂದ ಕೈಗೆ ಕಪ್ಪು ಹಣವಾಗಿ ತೆಗೆದುಕೊಳ್ಳುವವರನ್ನು ಹಿಡಿಯುವುದಕ್ಕೆ ಮಾಡಿದ್ದು ಅದು. ಸೊಸೆಗೆ ಪ್ರೀತಿಯಿಂದ ಕೊಂಡ ಬೆಲೆಗೇ ಕೊಟ್ಟವರನ್ನಲ್ಲ. ಹಾಗಾಗಿ ನಿಜವಾಗಿ ಜಾಸ್ತಿ ದುಡ್ಡು ಪಡೆದಿದ್ದಾರೆ ಅಂತ ಇಲಾಖೆಯೇ ತೋರಿಸಬೇಕು ಅಂದಿತು. ಉಪವಿಧಿಯಲ್ಲಿ ಆ ಮಾತು ಇರಲೇ ಇಲ್ಲ. ಕೋರ್ಟು ಸೇರಿಸಿ ಓದಿತು.

ಈ ಬಗೆಯ ಓದು ಹೊಸದಲ್ಲ. 1584ರಲ್ಲಿ ಇಂಗ್ಲೆಂಡಿನ ಹೇಡನ್ ಕೇಸಿನಲ್ಲೇ ಇದರ ಸೂತ್ರ ಇದೆ. ಅದೂ ಗೇಣಿಯಂಥದೇ ಒಂದು ಜಮೀನಿನ ಜಗಳ. ಮೊದಲು ಕಾನೂನು ಹೇಗಿತ್ತು, ಅದರಲ್ಲಿ ತೊಂದರೆ ಏನಿತ್ತು, ಸಭೆಯವರು ಏನು ಮದ್ದು ಕೊಟ್ಟರು, ಆ ಮದ್ದು ಯಾಕೆ. ಈ ನಾಲ್ಕು ಕೇಳಿ, ಮದ್ದು ರೋಗಕ್ಕೆ ತಾಗುವ ಹಾಗೆ ಓದಿ ಅಂತ. ನಮ್ಮ ಸುಪ್ರೀಂ ಕೋರ್ಟ್ 1955ರಲ್ಲಿ ಅದನ್ನು ಒಪ್ಪಿಕೊಂಡಿತು.

ಹೀಗೆ ಓದಿದರೆ ಒಂದೇ ಪದ ಎರಡು ಕಡೆ ಎರಡು ಬಣ್ಣ ತಾಳುತ್ತದೆ. ರಥಬೀದಿಯಲ್ಲಿ ‘ವಾಹನ ಪ್ರವೇಶ ಇಲ್ಲ’ ಅಂತ ಬೋರ್ಡು ಇದೆ ಅಂದುಕೊಳ್ಳಿ. ರಥಕ್ಕೂ ಚಕ್ರ ಉಂಟು, ಅದರಲ್ಲಿ ದೇವರು ಕೂತು ಹೋಗುತ್ತಾರೆ. ಬೋರ್ಡು ತೋರಿಸಿ ಯಾರಾದರೂ ರಥ ನಿಲ್ಲಿಸುತ್ತಾರಾ? ಕಾಲಿಲ್ಲದವರ ಗಾಲಿ ಕುರ್ಚಿ? ಸೈಕಲ್ಲು? ಸೈಕಲ್ಲಿಗೆ ಇಂಗ್ಲೆಂಡಿನಲ್ಲಿ ಉತ್ತರ ಇದೆ, ಅದೂ ಎರಡು. ಟೋಲ್ ವಸೂಲಿಗೆ ಸೈಕಲ್ಲು ಗಾಡಿ ಅಲ್ಲ ಅಂತ 1880ರಲ್ಲಿ. ಕುಡಿದು ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದವನ ಕೇಸಿನಲ್ಲಿ ಸೈಕಲ್ಲು ಗಾಡಿಯೇ ಅಂತ 1951ರಲ್ಲಿ. ಎರಡೂ ಸರಿಯೇ. ಟೋಲ್ ಇರುವುದು ರಸ್ತೆ ಸವೆಸುವ ಭಾರದ ಗಾಡಿಗಳಿಗೆ. ಕುಡಿದವರ ಕಾನೂನು ಇರುವುದು ದಾರಿಹೋಕರ ಮೈಮೇಲೆ ಬೀಳದ ಹಾಗೆ.

ಆದರೆ ಉದ್ದೇಶ ನೋಡಿ ಓದುವುದಕ್ಕೆ ಕೊನೆ ಎಲ್ಲಿ? ಇಲ್ಲಿ ಇಬ್ಬರು ಇಂಗ್ಲಿಷ್ ನ್ಯಾಯಾಧೀಶರ ಜಗಳ ಹೇಳಲೇಬೇಕು. ಲಾರ್ಡ್ ಡೆನ್ನಿಂಗ್ 1949ರಲ್ಲಿ ಹೇಳಿದರು, ಬಟ್ಟೆ ನೇಯ್ದ ನೂಲನ್ನು ನಾವು ಬದಲಾಯಿಸಬಾರದು, ಸುಕ್ಕನ್ನು ಮಾತ್ರ ಇಸ್ತ್ರಿ ಹಾಕಿ ತೆಗೆಯಬಹುದು ಅಂತ. ಸೀರೆಗೆ ಹೆಸರಾದ ಉಡುಪಿಯಲ್ಲಿ ಈ ಮಾತು ಬಿಡಿಸಿ ಹೇಳುವುದು ಬೇಡ. 1950ರಲ್ಲಿ ಇನ್ನೊಂದು ಕೇಸಿನಲ್ಲಿ ಡೆನ್ನಿಂಗ್ ಸ್ವಲ್ಪ ಮುಂದೆ ಹೋಗಿ, ಕಾನೂನಿನ ತೂತುಗಳನ್ನೂ ನಾವು ತುಂಬುತ್ತೇವೆ ಅಂದುಬಿಟ್ಟರು. ಮೇಲಿನ ಕೋರ್ಟಿನಲ್ಲಿ ಲಾರ್ಡ್ ಸೈಮಂಡ್ಸ್ ಸಿಟ್ಟಾದರು. ಇದು ಅರ್ಥ ಹೇಳುವ ತೆಳ್ಳಗಿನ ಮುಸುಕು ಹಾಕಿಕೊಂಡು ಶಾಸನ ಸಭೆಯ ಕೆಲಸವನ್ನು ಬಹಿರಂಗವಾಗಿ ಕಿತ್ತುಕೊಳ್ಳುವುದು, ತೂತು ಕಂಡರೆ ತಿದ್ದುಪಡಿ ಮಾಡಲಿ ಅಂದರು. ನಾನು ಯಾರ ಕಡೆ? ಬಡವನ ಪರ ನಿಂತಾಗ ಡೆನ್ನಿಂಗ್ ಕಡೆ, ಸರಕಾರದ ವಿರುದ್ಧ ನಿಂತಾಗ ಸೈಮಂಡ್ಸ್ ಕಡೆ. ವಕೀಲರೆಲ್ಲ ಹಾಗೆಯೇ, ನಾನು ಬಾಯಿಬಿಟ್ಟು ಹೇಳುತ್ತೇನೆ ಅಷ್ಟೇ.

ಇನ್ನು ನಮ್ಮ ಹಿತ್ತಿಲಿಗೆ ಬರೋಣ. ಸಂವಿಧಾನದ ಎರಡು ದೊಡ್ಡ ಅರ್ಥ ಹುಟ್ಟಿದ್ದು ಇಲ್ಲಿಂದ ಹೋದ ಕೇಸುಗಳಲ್ಲಿ. ಒಂದು ಇದೇ ಊರಿನ ಶಿರೂರು ಮಠದ್ದು, 1954. ಮದ್ರಾಸು ಸರಕಾರ 1951ರಲ್ಲಿ ಮಾಡಿದ ಧಾರ್ಮಿಕ ದತ್ತಿ ಕಾಯಿದೆಯನ್ನು ಮಠ ಕೋರ್ಟಿನಲ್ಲಿ ಪ್ರಶ್ನಿಸಿತು. ಮಠಕ್ಕೆ ಪರ್ಯಾಯದ ಖರ್ಚಿನಿಂದ ಸಾಲ ಆಗಿದ್ದ ಸಂಗತಿ ತೀರ್ಪಿನಲ್ಲೇ ಬರುತ್ತದೆ. ದೆಹಲಿಯಲ್ಲಿ ಕೂತವರು ಪರ್ಯಾಯ ಎಂದರೇನು ಅಂತ ಬರೆದದ್ದನ್ನು ಉಡುಪಿಯವರು ಓದಬೇಕು, ಚೆನ್ನಾಗಿದೆ. ಸಂವಿಧಾನದಲ್ಲಿ ಧರ್ಮ ಅನ್ನುವ ಪದ ಇದೆ, ಅದರ ಅರ್ಥ ಎಲ್ಲೂ ಬರೆದಿಲ್ಲ. ಧರ್ಮ ಅಂದರೆ ನಂಬಿಕೆ ಮಾತ್ರವಾ? ದೇವರಿಗೆ ಯಾವ ಹೊತ್ತಿಗೆ ನೈವೇದ್ಯ, ಯಾವ ಪೂಜೆ ಹೇಗೆ, ಇವೂ ಧರ್ಮವೇ ಅಂತ ಕೋರ್ಟು ಹೇಳಿತು. ಯಾವುದು ಧರ್ಮದ ತಿರುಳು ಅನ್ನುವುದನ್ನು ಆ ಧರ್ಮದ ಒಳಗಿನಿಂದಲೇ ನೋಡಬೇಕು ಅಂದಿತು.

ಅದೇ ಕೇಸಿನಲ್ಲಿ ಇನ್ನೊಂದು ಸಣ್ಣ ಪದ, ‘ಶುಲ್ಕ’. ಮಠ, ದೇವಸ್ಥಾನಗಳ ಆದಾಯದಲ್ಲಿ ಶೇಕಡಾ 5ರವರೆಗೆ ಸರಕಾರ ವಂತಿಗೆ ತೆಗೆದುಕೊಳ್ಳುತ್ತಿತ್ತು, ಶುಲ್ಕ ಅಂತ ಹೇಳಿ. ಹೆಸರು ಏನೇ ಇರಲಿ, ದುಡ್ಡು ಹೋಗಿ ಸೇರುವುದು ಸರಕಾರದ ಒಟ್ಟು ಬೊಕ್ಕಸಕ್ಕೆ, ಕೊಟ್ಟವರಿಗೆ ಸಿಗುವ ಸೇವೆಗೂ ಅದಕ್ಕೂ ಗಂಟು ಇಲ್ಲ, ಹಾಗಾದರೆ ಇದು ತೆರಿಗೆ. ಆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕೆ ಇಲ್ಲ. ಆ ಸೆಕ್ಷನ್ ಬಿತ್ತು. ಡಬ್ಬಿಯ ಮೇಲಿನ ಚೀಟಿ ನೋಡಿ ನಂಬಬೇಡಿ, ಮುಚ್ಚಳ ತೆಗೆದು ನೋಡಿ ಅಂತ ಇದರ ತಾತ್ಪರ್ಯ.

ಎರಡನೆಯದು ಮೂಲ್ಕಿ ವೆಂಕಟರಮಣ ದೇವಸ್ಥಾನದ್ದು, 1957ರ ನವೆಂಬರ್ 8. ಇಲ್ಲಿ ಸಂವಿಧಾನದ ಎರಡು ಮಾತು ಎದುರುಬದುರು ನಿಂತಿದ್ದವು. 26ನೇ ವಿಧಿ, ಧಾರ್ಮಿಕ ಪಂಗಡ ತನ್ನ ಧರ್ಮದ ಸಂಗತಿಗಳನ್ನು ತಾನೇ ನೋಡಿಕೊಳ್ಳಬಹುದು ಅನ್ನುತ್ತದೆ. 25ನೇ ವಿಧಿ, ಸಾರ್ವಜನಿಕ ಹಿಂದೂ ದೇವಸ್ಥಾನವನ್ನು ಎಲ್ಲ ಹಿಂದೂಗಳಿಗೂ ತೆರೆಯುವ ಕಾನೂನು ಮಾಡಬಹುದು ಅನ್ನುತ್ತದೆ. ದೇವಸ್ಥಾನ ಗೌಡ ಸಾರಸ್ವತ ಪಂಗಡದ್ದು ಹೌದು ಅಂತ ಕೋರ್ಟು ಒಪ್ಪಿತು. ಹಾಗಾದರೆ ಬಾಗಿಲು ತೆರೆಯಬೇಕೋ ಬೇಡವೋ? ಒಂದನ್ನು ಪೂರ್ತಿ ಒಪ್ಪಿದರೆ ಇನ್ನೊಂದು ಸತ್ತ ಅಕ್ಷರ ಆಗುತ್ತದೆ. ಬರೆದವರು ಎರಡನ್ನೂ ಬದುಕಲಿ ಅಂತಲೇ ಬರೆದದ್ದು. ಅದಕ್ಕೆ ಕೋರ್ಟು, ಎಲ್ಲ ಹಿಂದೂಗಳಿಗೂ ಪ್ರವೇಶ ಕೊಡಲೇಬೇಕು, ಕೆಲವು ವಿಶೇಷ ವಿಧಿಗಳ ಹೊತ್ತಿನಲ್ಲಿ ಮಾತ್ರ ಪಂಗಡದವರು ತಮ್ಮಷ್ಟಕ್ಕೆ ಇರಬಹುದು, ಉಳಿದವರ ದರ್ಶನದ ಹಕ್ಕು ಅದರಿಂದ ಪೊಳ್ಳಾಗಬಾರದು ಅಂದಿತು. ದೇಶದ ಯಾವ ಕಾನೂನು ಕಾಲೇಜಿನಲ್ಲೂ ಎರಡು ಮಾತನ್ನು ಹೊಂದಿಸಿ ಓದುವ ಪಾಠ ಬಂದಾಗ ಮೂಲ್ಕಿಯ ಹೆಸರು ಬರುತ್ತದೆ. ಕಿನ್ನಿಗೋಳಿ ಬಸ್ಸು ಹಿಡಿದು ಹೋಗುವವರು ಆ ಊರು ದಾಟುವಾಗ ಒಮ್ಮೆ ನೆನೆಸಿಕೊಳ್ಳಿ.

ದೊಡ್ಡ ಪದಗಳ ಮಾತು ಸಾಕು. ಕೋರ್ಟಿನಲ್ಲಿ ಜನ ಸೋಲುವುದು ಜಾಸ್ತಿ ಸಣ್ಣ ಪದಗಳಿಂದ. ‘ಒಳಗೆ’, ‘ಇಂದ’, ‘ಮತ್ತು’. ಚೆಕ್ ಬೌನ್ಸ್ ಕೇಸು ಇಲ್ಲಿ ಯಾರಿಗಾದರೂ ಆಗಿಯೇ ಇರುತ್ತದೆ, ಕೈ ಎತ್ತಬೇಡಿ. ನೋಟಿಸು ತಲುಪಿದ ಮೇಲೆ ಚೆಕ್ ಕೊಟ್ಟವನಿಗೆ 15 ದಿನ ಸಮಯ. ಕೊಡಲಿಲ್ಲ ಅಂದರೆ ಒಂದು ತಿಂಗಳೊಳಗೆ ದೂರು ಹಾಕಬೇಕು. ಒಬ್ಬರಿಗೆ ಆ 15 ದಿನ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಅವರು ದೂರು ಹಾಕಿದ್ದು ನವೆಂಬರ್ 15ಕ್ಕೆ. ಒಂದು ದಿನ ತಡ ಅಂತ ಎದುರಾಳಿ. ಅಕ್ಟೋಬರ್ 15ನ್ನು ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಅನ್ನುವುದಷ್ಟೇ ಜಗಳ. 1999ರಲ್ಲಿ ಸುಪ್ರೀಂ ಕೋರ್ಟ್, ಮೊದಲ ದಿನ ಬಿಡಿ, ದೂರು ಸಮಯಕ್ಕೆ ಸರಿಯಾಗಿದೆ ಅಂದಿತು. 2013ರಲ್ಲಿ ಮೂವರ ಪೀಠ ಅದನ್ನೇ ಎತ್ತಿ ಹಿಡಿಯಿತು. ತಿಂಗಳು ಅಂದರೆ 30 ದಿನ ಅಲ್ಲ, ಕ್ಯಾಲೆಂಡರ್ ತಿಂಗಳು. ಅದು 1897ರ ಜನರಲ್ ಕ್ಲಾಸಸ್ ಕಾಯಿದೆಯಲ್ಲೇ ಇದೆ. ಕಾನೂನುಗಳನ್ನು ಓದುವುದು ಹೇಗೆ ಅಂತ ಹೇಳುವುದಕ್ಕೇ ಇರುವ ಕಾನೂನು ಅದು. ವಿದ್ಯಾರ್ಥಿಗಳು ಅದನ್ನು ಮೊದಲು ಓದಬೇಕು, ಆದರೆ ಎಲ್ಲರೂ ಕೊನೆಗೆ ಓದುತ್ತಾರೆ. ನಾನೂ ಹಾಗೆಯೇ ಮಾಡಿದ್ದು.

ತೆರಿಗೆಯಲ್ಲಿ ಅನುಮಾನ ಬಂದರೆ ಯಾರಿಗೆ ಲಾಭ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ, ವ್ಯಾಪಾರಸ್ಥರು ಇರಬೇಕು. ತೆರಿಗೆ ಹಾಕುವ ಸೆಕ್ಷನ್ನಿನಲ್ಲಿ ಅನುಮಾನ ಇದ್ದರೆ ಕಟ್ಟುವವರಿಗೆ ಲಾಭ. ವಿನಾಯಿತಿ ಕೊಡುವ ಸಾಲಿನಲ್ಲಿ ಅನುಮಾನ ಇದ್ದರೆ ಸರಕಾರಕ್ಕೆ ಲಾಭ ಅಂತ 2018ರಲ್ಲಿ ಐವರ ಪೀಠ ಹೇಳಿದೆ. ನಮ್ಮ ವೀಳ್ಯದೆಲೆಯವನು ಇವತ್ತು ಬಂದರೂ ಅವನ ಗತಿ ಅದೇ.

ಇನ್ನೊಬ್ಬರ ಪ್ರಶ್ನೆ, ಕನ್ನಡದಲ್ಲಿ ಕಾನೂನು ಬರೆದರೆ ಈ ತಲೆನೋವು ಕಮ್ಮಿ ಆಗುವುದಿಲ್ಲವಾ ಅಂತ. ಬರೆಯುತ್ತಾರೆ. ಆದರೆ ಸಂವಿಧಾನದ 348ನೇ ವಿಧಿಯ ಪ್ರಕಾರ, ರಾಜ್ಯಪಾಲರ ಅಧಿಕಾರದಲ್ಲಿ ಗೆಜೆಟ್ಟಿನಲ್ಲಿ ಬಂದ ಇಂಗ್ಲಿಷ್ ಅನುವಾದವೇ ಅಧಿಕೃತ ಪಠ್ಯ. ಹೈಕೋರ್ಟಿನ ವ್ಯವಹಾರವೂ ಇಂಗ್ಲಿಷಿನಲ್ಲಿ. ತಲೆನೋವು ಹೋಗುವುದಿಲ್ಲ, ಬಾಮು ಬದಲಾಗುತ್ತದೆ. ಕನ್ನಡ ಕಾಯಿದೆಗಳಲ್ಲಿ ‘ಮಾಡತಕ್ಕದ್ದು’ ಅಂದರೆ ಮಾಡಲೇಬೇಕು, ‘ಮಾಡಬಹುದು’ ಅಂದರೆ ಇಷ್ಟ ಇದ್ದರೆ ಮಾಡಿ ಅಂತ. ಹಾಗಂತ ಕನ್ನಡದಲ್ಲಿ ‘ಬಹುದು’ ಯಾವಾಗಲೂ ಸಡಿಲವಾ? ಆಫೀಸಿನಲ್ಲಿ ಸಾಹೇಬರು ‘ನೀವಿನ್ನು ಹೊರಡಬಹುದು’ ಅಂದರೆ ಕೂತೇ ಇರುತ್ತೀರಾ? ಇಂಗ್ಲಿಷಿನಲ್ಲೂ ಇದೇ ಕತೆ. ಬಹುದು ಅಂತ ಕೊಟ್ಟ ಅಧಿಕಾರವನ್ನು ಯಾರಿಗೋ ಒಳ್ಳೆಯದಾಗಲಿ ಅಂತಲೇ ಕೊಟ್ಟಿದ್ದರೆ, ಅದನ್ನು ಬಳಸಲೇಬೇಕಾದ ಸಂದರ್ಭ ಬರುತ್ತದೆ ಅಂತ 1880ರಿಂದಲೂ ಕೋರ್ಟುಗಳು ಹೇಳುತ್ತಿವೆ.

ಅಗೋ, ಬಾಗಿಲ ಹತ್ತಿರ ಹಾಲ್‌ನವರು ಬೀಗದ ಗೊಂಚಲು ಹಿಡಿದು ನಿಂತಿದ್ದಾರೆ. ಏಳೂವರೆಗೆ ಮುಗಿಸಬಹುದು ಅಂತ ಮೊದಲೇ ಹೇಳಿದ್ದರು. ನಾನು ಅದನ್ನು ‘ತಕ್ಕದ್ದು’ ಅಂತಲೇ ಓದಿಕೊಳ್ಳುತ್ತೇನೆ. ತರಕಾರಿ ಅಂಗಡಿಯೂ ಮುಚ್ಚುವ ಹೊತ್ತಾಯಿತು.